ಬೇಕಾದದ್ದೆಲ್ಲ ಸಿಗುತ್ತಾ ಸರ್?

ಸಿಂಧನೂರಿನಲ್ಲಿ ಪಿಯುಸಿ ಮಕ್ಕಳಿಗೆ ಪಾಠ ಮಾಡುತ್ತೇನೆ. ಪ್ರತಿ ವರ್ಷ ಯಾರಾದರೂ ಕೇಳಿಯೇ ಕೇಳುತ್ತಾರೆ: "ಸರ್, ಮನಸ್ಸು ಮಾಡಿದರೆ ಜೀವನದಲ್ಲಿ ಬೇಕಾದದ್ದೆಲ್ಲ ಸಿಗುತ್ತಾ?" ಮೊಬೈಲ್‌ನಲ್ಲಿ ಭಾಷಣ ಮಾಡುವವರು ಸಿಕ್ಕೇ ಸಿಗುತ್ತೆ ಅಂತಾರೆ. ಮನೆಯಲ್ಲಿ ಹಿರಿಯರು ಹಾಸಿಗೆ ಇದ್ದಷ್ಟು ಕಾಲು ಚಾಚು ಅಂತಾರೆ. ಮಕ್ಕಳು ಯಾರನ್ನು ನಂಬಬೇಕು?

ಸಿಗಬಹುದು ಅಂತಲೇ ನಾನು ಹೇಳೋದು. ಆದರೆ ಅದು ಯಾರ ಪಾಲಿನಿಂದ ಬಂತು ಅನ್ನೋದನ್ನೂ ನೋಡಬೇಕು.

ತುಂಗಭದ್ರಾ ಎಡದಂಡೆ ಕಾಲುವೆ ನೋಡಿದ ನಮಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ಜೋಳ, ಹತ್ತಿಯಂಥ ಕಡಿಮೆ ನೀರಿನ ಬೆಳೆ ಜಾಸ್ತಿ ಇರುತ್ತದೆ, ಹೆಚ್ಚು ಜಮೀನಿಗೆ ನೀರು ಹಂಚಬಹುದು ಅನ್ನೋದು ಯೋಜನೆಯ ಲೆಕ್ಕ. ಮೇಲ್ಭಾಗದವರು ಭತ್ತ ಹಚ್ಚಿದರು. ಒಂದಲ್ಲ, ಎರಡು ಬೆಳೆ. ತೂಬಿನ ನೀರು ಸಾಲದ ಕಡೆ ಕಾಲುವೆಗೇ ಪಂಪ್‌ಸೆಟ್ ಇಟ್ಟರು. ಹೊಲದ ಮುಂದೆ ನೀರು ಹರಿಯುವಾಗ ಯಾರು ಬಿಡುತ್ತಾರೆ ಹೇಳಿ? ಅತ್ತ ಮಾನ್ವಿ, ರಾಯಚೂರು ಕಡೆಯ ಕೊನೆಭಾಗದಲ್ಲಿ ಗೇಜ್, ಅಂದರೆ ಕಾಲುವೆಯಲ್ಲಿ ಇರಬೇಕಾದಷ್ಟು ನೀರಿನ ಮಟ್ಟ, ಬರೋದಿಲ್ಲ. ಹೂ ಬಿಟ್ಟ ಮೆಣಸಿನಗಿಡ ಬಾಡುತ್ತದೆ, ರೈತರು ರಸ್ತೆಗೆ ಬಂದು ಕೂರುತ್ತಾರೆ. ಹೂಳು ತುಂಬಿ 133 ಟಿಎಂಸಿಯ ಜಲಾಶಯ ಸುಮಾರು 105ಕ್ಕೆ ಇಳಿದಿದೆ. ಬೇಡಿಕೆ ಮಾತ್ರ ಇಳಿದಿಲ್ಲ. ಹಾಗಂತ ಮೇಲಿನವರೆಲ್ಲ ಸುಖವಾಗಿದ್ದಾರೆ ಅಂತಲ್ಲ. ನೀರು ಅತಿಯಾಗಿ ಎಷ್ಟೋ ಹೊಲ ಉಪ್ಪು ಹಿಡಿದು, ನೀರು ನಿಂತು ಸವುಳು-ಜವುಳಾಗಿವೆ. ಅಂಥ ಮಣ್ಣಿನ ಮೇಲೆ ಗಂಗಾವತಿಯ ಕೃಷಿ ಸಂಶೋಧನಾ ಕೇಂದ್ರದಲ್ಲಿ ಸಂಶೋಧನೆಯೇ ನಡೆಯುತ್ತಿದೆ.

ಮನೆಯೊಳಗೂ ಹೀಗೇ ಅಲ್ವಾ? ನಮ್ಮದು ಮಾನ್ವಿ ಕಡೆಯ ಕೊನೆಭಾಗದ ಹೊಲ. ಒಬ್ಬರನ್ನು ಓದಿಸುವಷ್ಟೇ ದುಡ್ಡಿತ್ತು. ಏಳನೇ ಕ್ಲಾಸಿಗೆ ಅಕ್ಕನನ್ನು ಬಿಡಿಸಿದರು. ಆಕೆ ಊರವರ ಹೊಲಕ್ಕೆ ಹತ್ತಿ ಬಿಡಿಸಲು ಹೋಗುತ್ತಿದ್ದಳು. ಒಣಗಿದ ಕಾಯಿಯ ತುದಿ ಮುಳ್ಳಿನಂತೆ ಇರುತ್ತದೆ, ಉಗುರಿನ ಪಕ್ಕದ ಚರ್ಮ ಸೀಳುತ್ತದೆ. ಬಿಸಿ ಅನ್ನಕ್ಕೆ ಕೈ ಹಾಕಲಾಗದೆ ರಾತ್ರಿ ಆರಿದ ಮೇಲೆ ಉಣ್ಣುತ್ತಿದ್ದಳು. ಆ ಕೂಲಿಯೇ ನನ್ನ ಫೀಸು. ಕಷ್ಟಪಟ್ಟು ಅಂದುಕೊಂಡದ್ದೆಲ್ಲ ಪಡೆದ ಅಂತ ಊರವರು ನನ್ನ ಬಗ್ಗೆ ಹೇಳುತ್ತಾರೆ. ನಾನು ಓದಿದ್ದು ನಿಜ. ಲೆಕ್ಕದಲ್ಲಿ ಅಕ್ಕ ನನಗಿಂತ ಚುರುಕಾಗಿದ್ದಳು ಅನ್ನೋದೂ ಅಷ್ಟೇ ನಿಜ. ನರ್ಸ್ ಆಗುವ ಆಸೆ ಇತ್ತು ಆಕೆಗೆ.

ಹಾಗಾದರೆ ಆಸೆ ಕಮ್ಮಿ ಮಾಡಿಕೊಳ್ಳಿ ಅಂತೀನಾ? ಎಲ್ಲರಿಗೂ ಅಲ್ಲ. ನಮ್ಮ ಕ್ಲಾಸಿನ ಹುಡುಗಿಯರು ಕೇಳೋದೇ ಇಷ್ಟು: "ಡಿಗ್ರಿ ಮುಗಿಯೋ ತನಕ ಮದುವೆ ಮಾಡದಿದ್ರೆ ಸಾಕು ಸರ್." ಅವರಿಗೆ ಇನ್ನೂ ಜಾಸ್ತಿ ಕೇಳ್ರಮ್ಮ ಅಂತೀನಿ. ನಮ್ಮ ಭಾಗದವರು ವರ್ಷಗಟ್ಟಲೆ ಪಟ್ಟು ಹಿಡಿದು ಕೇಳಿದ್ದಕ್ಕೇ ತಾನೇ 2013ರಲ್ಲಿ ಹೈದರಾಬಾದ್ ಕರ್ನಾಟಕಕ್ಕೆ ವಿಶೇಷ ಸ್ಥಾನ ಕೊಡುವ ಸಂವಿಧಾನದ 371(ಜೆ) ವಿಧಿ ಬಂದದ್ದು? ಅದರಿಂದ ಕಾಲೇಜು ಸೀಟು, ಸರ್ಕಾರಿ ಕೆಲಸದಲ್ಲಿ ನಮಗೆ ಮೀಸಲಾತಿ ಸಿಕ್ಕಿತು. ಕೇಳದಿದ್ದರೆ ಯಾರೂ ಮನೆಗೆ ತಂದು ಕೊಡುತ್ತಿರಲಿಲ್ಲ.

ನೀಟ್ ಕೋಚಿಂಗ್‌ಗೆ ಲಕ್ಷಗಟ್ಟಲೆ ಕಟ್ಟಿಸಿಕೊಳ್ಳುವ ಹುಡುಗರಿಗೆ ಮಾತ್ರ ನನ್ನದೊಂದು ಪ್ರಶ್ನೆ ಇರುತ್ತದೆ: ಈ ವರ್ಷ ನಿನ್ನ ತಂಗಿಯ ಫೀಸು ಕಟ್ಟಿದ್ದಾರಾ? ಗೊತ್ತಿಲ್ಲ ಅಂದರೆ, ಇವತ್ತೇ ಮನೆಯಲ್ಲಿ ಕೇಳು ಅಂತ ಕಳಿಸುತ್ತೇನೆ.