ಮುಖ ಮಾತ್ರ ಸ್ವಲ್ಪ ಬೆಳ್ಳಗೆ

‘ಎಡಿಟ್ ಗಿಡಿಟ್ ಏನೂ ಬೇಡ. ಕ್ಯಾಮೆರಾದಲ್ಲಿ ಹೇಗೆ ಬಂದಿದೆಯೋ ಹಾಗೇ ಕೊಡಿ.’

ಸ್ನೇಹಿತರೊಬ್ಬರು ಹೀಗೆ ಹೇಳಿದ್ದು ಸೋಮವಾರ. ನಾನು ತೆಗೆದ, ಅವರ ಮಗಳ ನೃತ್ಯದ ಫೋಟೊಗಳವು. ವೇದಿಕೆ ತುಂಬ ನೇರಳೆ ಎಲ್‌ಇಡಿ ಬೆಳಕು. ಹುಡುಗಿಯ ಮುಖ ಬದನೆಕಾಯಿ ಬಣ್ಣಕ್ಕೆ ತಿರುಗಿತ್ತು.

ಅವರು ಒಳ್ಳೆಯವರೇ. ಫೋಟೊ ವಿಷಯದಲ್ಲಿ ಮಾತ್ರ ಮಡಿ ಜಾಸ್ತಿ. ಅವರ ಫೋನು ಒಂದೇ ಕ್ಲಿಕ್ಕಿಗೆ ಹಲವು ಫ್ರೇಮ್ ತೆಗೆದು, ಸೇರಿಸಿ, ನೆರಳು ಎತ್ತಿ ತೋರಿಸುತ್ತದೆ. ಅದು ಎಡಿಟ್ ಅಲ್ವಂತೆ. ನಾನು ಕೂತು ಮಾಡಿದರೆ ಎಡಿಟ್!

ನಿಜಕ್ಕೂ ಬಂದ ಹಾಗೇ ಕೊಟ್ಟಿದ್ದರೆ ಅವರಿಗೆ ನೋಡೋಕೂ ಆಗುತ್ತಿರಲಿಲ್ಲ. ಕ್ಯಾಮೆರಾ ಚಿತ್ರವಾಗಿ ಕಟ್ಟದೆ ಹಾಗೇ ಉಳಿಸುವ ‘ರಾ’ (raw) ಫೈಲಿನಲ್ಲಿ ಇರುವುದು ಬರೀ ಬೆಳಕಿನ ಅಳತೆಗಳು. ಕ್ಯಾಮೆರಾದೊಳಗೆ ಬೆಳಕು ಹಿಡಿಯುವ ಸೆನ್ಸರ್‌ನ ಒಂದೊಂದು ಚುಕ್ಕೆಯೂ ಕೆಂಪು, ಹಸಿರು, ನೀಲಿಗಳಲ್ಲಿ ಒಂದನ್ನು ಮಾತ್ರ ಅಳೆಯುತ್ತದೆ. ಅರ್ಧದಷ್ಟು ಚುಕ್ಕೆಗಳು ಹಸಿರಿಗೇ ಮೀಸಲು. ಕೊಡ್ಯಾಕ್ ಕಂಪನಿಯ ವಿಜ್ಞಾನಿ ಬ್ರೈಸ್ ಬೇಯರ್ 1970ರ ದಶಕದಲ್ಲಿ ಹಾಕಿಕೊಟ್ಟ ಲೆಕ್ಕ ಇದು. ಉಳಿದ ಎರಡು ಬಣ್ಣಗಳನ್ನು ಅಕ್ಕಪಕ್ಕದ ಚುಕ್ಕೆ ನೋಡಿ ಊಹಿಸಬೇಕು. ಕ್ಯಾಮೆರಾ ಕೊಡುವ ಜೆಪೆಗ್, ಅಂದರೆ ನಾವು ನೋಡುವ ಮಾಮೂಲಿ ಫೋಟೊ ಫೈಲ್ ಕೂಡ ಹಾಗೆ ಊಹಿಸಿ ಕಟ್ಟಿದ್ದೇ.

ಸರಿ, ರಾ ಫೈಲ್ ತಿದ್ದುವ ಸಾಫ್ಟ್‌ವೇರ್ ಡಾರ್ಕ್‌ಟೇಬಲ್ ತೆರೆದು ಕೂತೆ. ಬರೀ ವೈಟ್ ಬ್ಯಾಲೆನ್ಸ್‌ಗೆ, ಅಂದರೆ ಬೆಳಕಿನ ಬಣ್ಣ ಸರಿದೂಗಿಸುವ ಹೊಂದಾಣಿಕೆಗೆ, ಜಗ್ಗುವ ನೇರಳೆ ಅಲ್ಲ ಅದು. ಕೆನ್ನೆಯ ಒಂದು ಕಡೆ ನೀಲಿ ಚಾನೆಲ್, ಅಂದರೆ ನೀಲಿ ಬಣ್ಣದ ಅಳತೆ, ತುದಿಯವರೆಗೆ ತುಂಬಿ ಹೋಗಿತ್ತು. 14 ಬಿಟ್ ರಾದಲ್ಲಿ ಒಂದೊಂದು ಬಣ್ಣದ ಹೊಳಪಿಗೆ 16,384 ಮೆಟ್ಟಿಲುಗಳಿವೆ, ಜೆಪೆಗ್‌ನಲ್ಲಿ 256 ಮಾತ್ರ. ಆದರೂ ತುದಿ ಮುಟ್ಟಿದ ಮೇಲೆ ರಾದಲ್ಲೂ ವಿವರ ಸಿಗುವುದಿಲ್ಲ. ಕೆಂಪು, ಹಸಿರು ಚಾನೆಲ್‌ಗಳು ಉಳಿದಿದ್ದವು, ಪುಣ್ಯ. ಕೊನೆಯಲ್ಲಿ ಬಿಳಿ ದೀಪ ಹಾಕಿದಾಗ ತೆಗೆದ ಒಂದು ಫ್ರೇಮ್ ಸಿಕ್ಕಿತು. ಅದನ್ನು ಪಕ್ಕದಲ್ಲಿಟ್ಟುಕೊಂಡು ಅವಳ ಮೈಬಣ್ಣಕ್ಕೆ ಹತ್ತಿರ ತಂದು ಕಳಿಸಿದೆ.

ಬುಧವಾರ ಫೋನ್ ಬಂತು. ‘ತುಂಬ ಚೆನ್ನಾಗಿದೆ. ಮುಖ ಮಾತ್ರ ಸ್ವಲ್ಪ ಬೆಳ್ಳಗೆ ಮಾಡೋಕಾಗುತ್ತಾ?’

ಅವತ್ತಿನಿಂದ ಈ ಮಾತು ಕಿವಿಯಲ್ಲೇ ಇದೆ. ಅದೂ ಎಡಿಟ್ ಬೇಡ ಅಂದ ಅದೇ ಬಾಯಲ್ಲಿ.

ಮಾಡೋಕಾಗುತ್ತೆ, ಅದೇ ತೊಂದರೆ. ಮೈಬಣ್ಣ ಯಾವುದೇ ಇರಲಿ, ಹೆಚ್ಚುಕಡಿಮೆ ಕಿತ್ತಳೆಯ ಪಟ್ಟಿಯೊಳಗೇ ಬರುತ್ತದೆ. ಆ ಪಟ್ಟಿಯ ಹೊಳಪನ್ನಷ್ಟೇ ಎತ್ತಿದರೆ ಸಾಕು. ಉಳಿದದ್ದು ಹಾಗೇ ಇರುತ್ತದೆ, ಮುಖ ಬೆಳ್ಳಗಾಗುತ್ತದೆ. ಎಷ್ಟು ಸಲೀಸು ಅಂದರೆ ಕೇಳಿದವರಿಗೂ ಮಾಡಿದವರಿಗೂ ಏನೋ ಮಾಡಿದೆವು ಅನಿಸುವುದೇ ಇಲ್ಲ.

ಫಿಲ್ಮ್ ಕಾಲದಲ್ಲಿ ಲ್ಯಾಬ್‌ಗಳು ಬಣ್ಣ ಹೊಂದಿಸಲು ‘ಶರ್ಲಿ ಕಾರ್ಡ್’ ಎಂಬ ಮಾದರಿ ಫೋಟೊ ಇಟ್ಟುಕೊಳ್ಳುತ್ತಿದ್ದವು. ದಶಕಗಳ ಕಾಲ ಅದರಲ್ಲಿ ಇದ್ದದ್ದು ಬಿಳಿ ಹೆಂಗಸಿನ ಮುಖ. ಅದು ಚೆನ್ನಾಗಿ ಬಂದರೆ ಪ್ರಿಂಟ್ ಸರಿ. ಕಪ್ಪು ಮುಖದ ವಿವರ ಕತ್ತಲಲ್ಲಿ ಕರಗಿದರೆ ಕರಗಲಿ. ಇವತ್ತಿನ ರಾ ಸಾಫ್ಟ್‌ವೇರ್‌ಗೆ ಅಂಥ ಹಟವಿಲ್ಲ. ಕಡಿಮೆ ಬೆಳಕಿನ ಮುಖವನ್ನೂ ಅದರ ಬಣ್ಣ ಕೆಡದ ಹಾಗೆ ಎತ್ತಬಹುದು. ಹಟ ಇರುವುದು ಅಪ್ಪಂದಿರಿಗೆ. ದೀಪದ ನೇರಳೆ ತೆಗೆದರೆ ಅದು ಎಡಿಟ್, ಮಗಳ ಬಣ್ಣ ತೆಗೆದರೆ ‘ಸ್ವಲ್ಪ’. ಆ ಫೋಟೊ ನಾಳೆ ಅವಳೂ ನೋಡುತ್ತಾಳೆ ಅಲ್ವಾ?

‘ಇಲ್ಲ’ ಅಂದೆ.

‘ಯಾಕೆ, ಸಾಫ್ಟ್‌ವೇರ್‌ನಲ್ಲಿ ಬರಲ್ವಾ?’

‘ಬರುತ್ತೆ. ನಾನು ಮಾಡಲ್ಲ.’

ಅವರಿಗೆ ಬೇಜಾರಾಯಿತು. ಫೋನಿನಲ್ಲೇ ಮಾಡಿಕೊಳ್ಳುತ್ತೇನೆ ಬಿಡಿ ಎಂದರು. ಇಷ್ಟು ಹೊತ್ತಿಗೆ ಮಾಡಿಕೊಂಡೂ ಇರುತ್ತಾರೆ.