ಕಣಿ ಇಡುವವರ ಬಿಸು

ಕಾಸರಗೋಡಿನಲ್ಲಿ ಹೊಸ ವರ್ಷಕ್ಕೇನೂ ಬರವಿಲ್ಲ. ಜನವರಿ ಒಂದು ಎಲ್ಲರಿಗೂ ಉಂಟು. ಮಾರ್ಚ್ 31ಕ್ಕೆ ಬ್ಯಾಂಕು, ಸೊಸೈಟಿಗಳ ಲೆಕ್ಕ ಮುಗಿಯುತ್ತದೆ. ಕೊಂಕಣಿ ಮಾತಾಡುವ ನೆರೆಯವರು ಚಾಂದ್ರಮಾನ ಯುಗಾದಿ ಮಾಡುತ್ತಾರೆ. ಮಲಯಾಳದ ಕೊಲ್ಲವರ್ಷ ಚಿಂಗ ತಿಂಗಳಲ್ಲಿ, ಅಂದರೆ ಆಗಸ್ಟ್ ನಡುವಿನಲ್ಲಿ ಶುರು. ಇವೆಲ್ಲದರ ನಡುವೆ ನಮ್ಮದು ಸೌರಮಾನದ ಬಿಸು. ಸೂರ್ಯ ಮೇಷಕ್ಕೆ ಬಂದ ಮೇಲೆ, ಏಪ್ರಿಲ್ 14ಕ್ಕೋ 15ಕ್ಕೋ, ತುಳುವರ ಪಗ್ಗು ತಿಂಗಳ ಮೊದಲ ದಿನ. 1956ರ ನವೆಂಬರ್ 1ಕ್ಕೆ ಇಲ್ಲಿಯವರ ರಾಜ್ಯ ಮದ್ರಾಸಿನಿಂದ ಕೇರಳಕ್ಕೆ ಬದಲಾಯಿತು, ಬಿಸು ಬದಲಾಗಲಿಲ್ಲ.

ಬಿಸು ಅಂದ ಕೂಡಲೇ ಎಲ್ಲರೂ ಹೇಳುವುದು ಬೆಳಗಿನ ಜಾವದ ಸಂಗತಿ. ಕಣ್ಣು ಮುಚ್ಚಿಕೊಂಡು ದೇವರ ಕೋಣೆಗೆ ಬರುವುದು, ದೀಪದ ಬೆಳಕಲ್ಲಿ ಕಣಿ, ಅಂದರೆ ವರ್ಷದ ಮೊದಲ ನೋಟಕ್ಕೆಂದು ಜೋಡಿಸಿಟ್ಟ ಹಣ್ಣು-ಕಾಯಿಯ ಹರಿವಾಣ, ಕಾಣುವುದು, ಹಿರಿಯರ ಕಾಲಿಗೆ ಬಿದ್ದು ಕೈಯಲ್ಲಿ ನಾಣ್ಯ ಪಡೆಯುವುದು. ನಿಜ, ಚೆಂದವೇ. ಆದರೆ ಆ ಕಣಿಯನ್ನು ಹಿಂದಿನ ರಾತ್ರಿ ಇಟ್ಟವರು ಒಬ್ಬರು ಇರುತ್ತಾರಲ್ಲ? ಅವರು ಅದನ್ನು ಮೊದಲೇ ನೋಡಿಯಾಗಿದೆ. ವರ್ಷದ ಮೊದಲ ನೋಟ ಎನ್ನುವ ಬೆರಗು ಅವರಿಗೆ ಇಲ್ಲ. ಹೆಚ್ಚಿನ ಮನೆಗಳಲ್ಲಿ ಅದು ಹೆಂಗಸರೇ. ನಮ್ಮ ಮನೆಯಲ್ಲಿ ಮೊದಲು ಅತ್ತೆ, ಈಗ ನಾನು.

ಊಟ ಮುಗಿದು, ಒಲೆ ಬಳಿದು, ಎಲ್ಲರೂ ಮಲಗಿದ ಮೇಲೆ ಈ ಕೆಲಸ ಶುರು. ದೇವರ ಮುಂದೆ ಮಣೆ, ಮಣೆಯ ಮೇಲೆ ದೊಡ್ಡ ಹರಿವಾಣ, ಅದರ ತುಂಬ ಅಕ್ಕಿ. ಮೇಲೆ ತೆಂಗಿನಕಾಯಿ, ಬಣ್ಣದ ಸೌತೆ, ಮಾವು, ಹಲಸು, ಗೇರುಹಣ್ಣು, ವೀಳ್ಯದೆಲೆ, ಅಡಿಕೆ. ಒಂದು ಎಳೆ ಚಿನ್ನ, ನಾಣ್ಯ, ಕುಂಕುಮದ ಭರಣಿ. ಹೊಸ ಬಟ್ಟೆ, ಹೊಸ ಪಂಚಾಂಗ. ಹಿಂದೆ ಕನ್ನಡಿ, ಅದರ ಪಕ್ಕಕ್ಕೆ ಕೊಂದೆ, ಅಂದರೆ ಕಕ್ಕೆ ಹೂವಿನ ಗೊಂಚಲು. ಈ ಕೊಂದೆ ಹೂವಿನದ್ದೇ ಈಗ ಕಷ್ಟ. ಸೆಕೆ ಜಾಸ್ತಿಯಾಗಿ ಮಾರ್ಚ್‌ನಲ್ಲೇ ಅರಳಿ ಉದುರಿಬಿಡುತ್ತದೆ. ಪೇಟೆಯಲ್ಲಿ ಪ್ಲಾಸ್ಟಿಕ್ಕಿನದ್ದು ಸಿಗುತ್ತದೆ. ನೋಡಲು ನಿಜದ್ದಕ್ಕಿಂತ ಹಳದಿ! ನಾನಂತೂ ತಂದಿಲ್ಲ, ತರುವುದೂ ಇಲ್ಲ. ಮರದಲ್ಲಿ ನಾಲ್ಕೇ ಎಸಳು ಉಳಿದಿದ್ದರೆ ಆ ನಾಲ್ಕೇ ಸಾಕು.

ಮದುವೆಯಾಗಿ ಬಂದ ಹೊಸತರಲ್ಲಿ ನನಗೆ ಹರಿವಾಣ ತುಂಬಿ ಕಾಣಬೇಕು ಎಂಬ ಆಸೆ. ಪೇಟೆಯಿಂದ ಸೇಬು, ದ್ರಾಕ್ಷಿ ತರಿಸೋಣವಾ ಎಂದು ಕೇಳಿದ್ದೆ. ಅತ್ತೆ ತಲೆ ಎತ್ತದೆ ಹೇಳಿದ್ದರು, "ಇಪ್ಪದರ ಮಡಗಿರೆ ಸಾಕು." ಮನೆಯಲ್ಲಿ ಏನು ಉಂಟೋ ಅದನ್ನಿಟ್ಟರೆ ಸಾಕು ಅಂತ. ಆಗ ಜಿಪುಣತನ ಅನ್ನಿಸಿತ್ತು. ಈಗ ಇಡುವುದು ನಾನೇ ಆದ ಮೇಲೆ, ಆ ಮಾತಿನಷ್ಟು ದೊಡ್ಡ ಪೂಜಾವಿಧಿ ಬೇರೆ ಇಲ್ಲ ಅನ್ನಿಸುತ್ತದೆ. ಕಣಿಯಲ್ಲಿ ಬಟ್ಟೆ, ಪಂಚಾಂಗ ಬಿಟ್ಟರೆ ಹೊಸ ವರ್ಷದ್ದು ಏನಿದೆ ಹೇಳಿ? ಕಾಯಿ, ಅಡಿಕೆ, ಸೌತೆ, ಎಲ್ಲ ಹೋದ ವರ್ಷದ ದುಡಿಮೆಯದ್ದು. ಬರುವ ವರ್ಷದ ಬಾಗಿಲಲ್ಲಿ ನಾವು ಹೋದ ವರ್ಷವನ್ನೇ ಹರಿವಾಣದಲ್ಲಿ ಜೋಡಿಸಿ ದೇವರಿಗೂ ನಮಗೂ ತೋರಿಸಿಕೊಳ್ಳುತ್ತೇವೆ.

ಹಾಗಾಗಿ ಆ ರಾತ್ರಿ ಒಂದೊಂದನ್ನೇ ಆರಿಸುವಾಗ ಲೆಕ್ಕ ತಾನಾಗಿ ಆಗುತ್ತದೆ. ಅಡಿಕೆಗೆ ಕೈ ಹಾಕಿದರೆ ಕಳೆದ ಮಳೆಗಾಲ ನೆನಪಾಗುತ್ತದೆ. ಕೊಳೆರೋಗ ಬಾರದ ಹಾಗೆ ಮೊದಲ ಸಲ ಮದ್ದು ಬಿಟ್ಟಾಯಿತು. ಎರಡನೇ ಸಲಕ್ಕೆ ಮೈಲುತುತ್ತು, ಸುಣ್ಣ ಎಲ್ಲ ತಂದಿಟ್ಟು ಕಾದದ್ದೇ ಬಂತು, ಬಿಸಿಲೇ ಬರಲಿಲ್ಲ. ಕೊಳೆರೋಗ ಬಂದು ಎಳೆಯ ಕಾಯಿ ಮರದ ಬುಡದಲ್ಲಿ ರಾಶಿ ರಾಶಿ. ಮಳೆ ನಿಲ್ಲಿಸಪ್ಪಾ ಎಂದು ಮಧೂರಿನ ಗಣಪತಿಗೆ ಎಷ್ಟು ಹೇಳಿಕೊಂಡೆನೋ! ನಿಲ್ಲಲಿಲ್ಲ. ಆದರೆ ಅದೇ ಹರಿವಾಣದ ಪಕ್ಕ ಇಡುವ ಚೊಂಬಿನ ನೀರು ಗುಡ್ಡದ ಸುರಂಗದ್ದು. ಮುರಕಲ್ಲಿನ ಗುಡ್ಡಕ್ಕೆ ಅಡ್ಡಲಾಗಿ ಕೊರೆದ ಸುರಂಗ, ಪಂಪು ಬೇಡ, ಕರೆಂಟು ಬೇಡ, ತಾನಾಗಿ ಹರಿದು ಬರುವ ನೀರು. ಬೇರೆ ವರ್ಷ ಏಪ್ರಿಲ್‌ಗೆ ಅದು ಬೆರಳಿನಷ್ಟು ಸಣ್ಣಗಾಗುತ್ತಿತ್ತು. ಈ ಸಲ ಇಳಿದೇ ಇಲ್ಲ. ನಿಲ್ಲಲಿ ಎಂದು ನಾನು ಹರಕೆ ಹೊತ್ತ ಮಳೆಯೇ ಈಗ ನಮ್ಮ ಮನೆಯ ಕುಡಿಯುವ ನೀರು. ದೇವರು ನನ್ನ ಮಾತು ಕೇಳಲಿಲ್ಲ ಎಂದು ಬರೆದುಕೊಳ್ಳುವುದು ಯಾವ ಬದಿಗೆ?

ಅಕ್ಕಿ ಅಳೆಯುವಾಗ ಮಾತ್ರ ಸ್ವಲ್ಪ ಮುಜುಗರ. ಅದು ಅಂಗಡಿಯದ್ದು. ಮನೆ ಮುಂದಿನ ಗದ್ದೆ ಅಡಿಕೆ ತೋಟ ಆಗಿ ಎಷ್ಟೋ ಕಾಲವಾಯಿತು. ಬಿಸುವಿನ ಬೆಳಿಗ್ಗೆ ಎತ್ತು ಕಟ್ಟಿ ನಾಲ್ಕು ಗೆರೆ ಉತ್ತು, ಒಂದು ಹಿಡಿ ಬೀಜ ಹಾಕುವ ಕೈಬಿತ್ತಿನ ಶಾಸ್ತ್ರವೂ ಗದ್ದೆಯ ಜೊತೆಗೇ ಹೋಯಿತು. ಅತ್ತೆಗೆ ಅದರ ಬೇಸರ ಇದೆ. ಹಾಗೆಂದು ಅವರು ಹಳೆಯ ಕಾಲವನ್ನು ಸುಮ್ನೆ ಹೊಗಳುವವರೂ ಅಲ್ಲ. ಬಿಸುವಿಗೆ ಒಕ್ಕಲುಗಳು ಸೌತೆ, ಕುಂಬಳ, ಬಾಳೆಗೊನೆ ಹೊತ್ತು ಧಣಿಗಳ ಮನೆಗೆ ಕಾಣಿಕೆ ತರುತ್ತಿದ್ದ ಕಾಲ ಅದು. ಚಾಲಗೇಣಿ ಎಂದರೆ ವರ್ಷದ ಲೆಕ್ಕದ ಗೇಣಿ. ಮುಂದಿನ ವರ್ಷ ಭೂಮಿ ಕೈಯಲ್ಲಿ ಉಳಿಯುತ್ತದೋ ಇಲ್ಲವೋ ಎಂಬ ಹೆದರಿಕೆಯಲ್ಲೇ ಕೆಲವರಿಗೆ ಬಿಸು ಬರುತ್ತಿತ್ತು. 1970ರ ಜನವರಿ 1ಕ್ಕೆ ಕೇರಳದ ಭೂಸುಧಾರಣೆ ಜಾರಿಗೆ ಬಂದ ಮೇಲೆ ಆ ಹೆದರಿಕೆ ಹೋಯಿತು. ಎಷ್ಟೋ ಮನೆಗಳಲ್ಲಿ ತಮ್ಮದೇ ಮಣ್ಣಿನ ಕಾಯಿ, ತಮ್ಮದೇ ಕಣಿ ಆದದ್ದು ಆಮೇಲೆ.

ಹರಿವಾಣ ತುಂಬಿದ ಮೇಲೆ ಇನ್ನೊಂದು ಕೆಲಸ. ದೇವರ ಪೀಠದ ಹಿಂದೆ ಕಟ್ಟಿಟ್ಟ ಮುಡಿಪುಗಳನ್ನು ನೋಡುವುದು. ಯಾರಿಗಾದರೂ ಜ್ವರ ಬಂದಾಗ, ಪರೀಕ್ಷೆ ಬಂದಾಗ, ಬಟ್ಟೆಯ ತುಂಡಿನಲ್ಲಿ ನಾಣ್ಯ ಗಂಟು ಕಟ್ಟಿ ಇಟ್ಟಿರುತ್ತೇವೆ. ಕಷ್ಟ ಕಳೆದ ಮೇಲೆ ಮರೆತೇ ಹೋಗುತ್ತದೆ, ಅಲ್ವಾ? ಹೊಸದಾಗಿ ಏನಾದರೂ ಬೇಡುವ ಮೊದಲು ಹಳೆಯ ಬಾಕಿ ಮುಗಿಸಬೇಕು ಎಂಬುದು ನನ್ನ ಹಟ. ಈ ಸಲ ಸಿಕ್ಕಿದ್ದು ಅತ್ತೆಯ ಕಣ್ಣಿನ ಆಪರೇಷನ್ ಹೊತ್ತಿಗೆ ಕಟ್ಟಿದ್ದು. ಮಧೂರಿಗೆ ಅಪ್ಪ ಸೇವೆ, ಅಂದರೆ ಅಪ್ಪ ಎಂಬ ಸಿಹಿ ತಿಂಡಿಯ ನೈವೇದ್ಯ, ಮಾಡಿಸುತ್ತೇನೆ ಎಂದು ಹೇಳಿಕೊಂಡಿದ್ದೆ.

ಬಿಸುವಿನ ದಿನ ಬೆಳಿಗ್ಗೆ ಅತ್ತೆಯನ್ನೂ ಕರೆದುಕೊಂಡು ಹೋದೆವು. ಮಧೂರು ಶಿವನ ಕ್ಷೇತ್ರ. ಮದರು ಎಂಬ ಹೆಂಗಸಿಗೆ ಸಿಕ್ಕಿದ ಲಿಂಗ ಎಂದು ಹೇಳುತ್ತಾರೆ. ಗಣಪತಿ ಬಂದದ್ದು ಆಮೇಲೆ, ಅದೂ ಯಾರೂ ಕರೆಯದೆ. ಅರ್ಚಕರ ಮಗ ಆಟವಾಡುತ್ತ ಗರ್ಭಗುಡಿಯ ತೆಂಕು ಗೋಡೆಯಲ್ಲಿ ಗಣಪತಿಯ ಚಿತ್ರ ಬರೆದನಂತೆ. ಅದು ದಿನ ದಿನ ದಪ್ಪವಾಗುತ್ತ ಹೋಗಿ ಹುಡುಗ ಬೊಡ್ಡಜ್ಜ ಎಂದು ಕರೆದನಂತೆ. ಇಂದಿಗೂ ಮೂಲದೇವರು ಶಿವನಾದರೂ ಜನ ಮಧೂರು ಗಣಪತಿ ಎಂದೇ ಹೇಳುವುದು. ತಂದೆಗೆ ಇದರ ಬೇಸರ ಇದ್ದಂತೆ ಕಾಣುವುದಿಲ್ಲ.

1992ರ ನಂತರ 2025ರಲ್ಲಿ ಅಲ್ಲಿ ಮೂಡಪ್ಪ ಸೇವೆ ಆಯಿತು. ಮಾರ್ಚ್ ಕೊನೆಯಿಂದ ಏಪ್ರಿಲ್ ಮೊದಲ ವಾರದವರೆಗೆ ಬ್ರಹ್ಮಕಲಶ, ಕಡೆಗೆ ಗಣಪತಿಯನ್ನು ಅಪ್ಪದಿಂದ ಮುಚ್ಚುವ ಸೇವೆ. 1992ರಲ್ಲಿ ಅಮ್ಮನ ಸೊಂಟದಲ್ಲಿ ಕೂತು ನೋಡಿದವರು ಈ ಸೇವೆಗೆ ತಮ್ಮ ಮಕ್ಕಳ ಕೈ ಹಿಡಿದು ಬಂದಿದ್ದರು. ಅಷ್ಟು ದೊಡ್ಡ ಲೆಕ್ಕದ ಮುಂದೆ ನಮ್ಮ ಒಂದು ವರ್ಷದ ಲೆಕ್ಕ ಎಷ್ಟರದ್ದು? ಆದರೆ ದೇವಸ್ಥಾನಕ್ಕೂ ವರ್ಷ ವರ್ಷದ ಪಾಡು ತಪ್ಪಿದ್ದಲ್ಲ. ಜೋರು ಮಳೆಗೆ ಮಧುವಾಹಿನಿ ಹೊಳೆ ಉಕ್ಕಿ ಅಂಗಳಕ್ಕೇ ನೀರು ಬರುತ್ತದೆ. ನೀರು ಇಳಿದ ಮೇಲೆ ಕೆಸರು ತೊಳೆಯುತ್ತಾರೆ, ಪೂಜೆ ನಡೆಯುತ್ತದೆ.

ಅತ್ತೆ ಕಂಬಕ್ಕೆ ಒರಗಿ ಬಿಸಿ ಅಪ್ಪ ತಿಂದರು. ತುಪ್ಪ ಸಾಲದು ಅಂದರು. ಅವರು ಹಾಗೆಯೇ. ಅವರು ಕಣಿ ಇಡುವ ಕೆಲಸ ಬಿಟ್ಟ ಮೊದಲ ಬಿಸುವಿಗೆ ನಾನೇ ಕೈ ಹಿಡಿದು ಕಣಿಯ ಮುಂದೆ ಕೂರಿಸಿದ್ದೆ. ಸೊಸೆಯಾಗಿ ಬಂದ ಮೇಲೆ ಕಣ್ಣು ಮುಚ್ಚಿಕೊಂಡು ಕಣಿಗೆ ಬಂದದ್ದು ಅವರಿಗೆ ಅದೇ ಮೊದಲು. ತುಂಬ ಹೊತ್ತು ನೋಡಿದರು. ಆಮೇಲೆ ಮೆಲ್ಲ ಹೇಳಿದರು, "ಕನ್ನಾಟಿ ರಜ್ಜ ಓರೆ ಆಯಿದು." ಕನ್ನಡಿ ಸ್ವಲ್ಪ ಓರೆಯಾಗಿದೆ ಅಂತ. ಆದರೂ ಆ ದಿನವಿಡೀ ಅವರ ಮುಖದಲ್ಲಿ ಸಣ್ಣ ಮಕ್ಕಳ ಖುಷಿ ಇತ್ತು.

ಮನೆಗೆ ಬಂದು ಊಟ. ತೊಂಡೆಕಾಯಿ ಎಳೆ ಗೇರುಬೀಜದ ಪಲ್ಯ, ಮಾವಿನಹಣ್ಣಿನ ಗೊಜ್ಜು, ಪಾಯಸ. ಮಾವ ಪಂಚಾಂಗ ತೆಗೆದು ಎಲ್ಲರ ರಾಶಿಯ ಆಯ-ವ್ಯಯ ಓದಿದರು. ನನ್ನದಕ್ಕೆ ವ್ಯಯ ಜಾಸ್ತಿ. ಅಡುಗೆಮನೆ ನೋಡಿಕೊಳ್ಳುವವಳಿಗೆ ಅದನ್ನು ಪಂಚಾಂಗ ಹೇಳಬೇಕಾ?

ಬೆಂಗಳೂರಿನಲ್ಲಿರುವ ಮಗಳಿಗೆ ಕಣಿಯ ಫೋಟೋ ಬೆಳಿಗ್ಗೆಯೇ ಕಳಿಸಿದ್ದೆ. ಮಧ್ಯಾಹ್ನ ಫೋನ್ ಮಾಡಿದಳು. ಮೊಬೈಲ್‌ನಲ್ಲಿ ಕಂಡರೆ ಫಲ ಉಂಟಾ ಎಂದು ಕೇಳಿದಳು. ದೇವರಿಗೆ ಗೊತ್ತು, ಆದರೆ ಬರುವ ಬಿಸುವಿಗೆ ಕಣಿ ಇಡುವವಳು ನೀನು ಎಂದೆ.

"ಹಾಗಾದ್ರೆ ಕಣ್ಣು ಮುಚ್ಚಿಕೊಂಡು ಬರುವ ಖುಷಿ ನಂಗೆ ಬೇಡ್ವಾ ಅಮ್ಮ?"

"ನಿಂಗೆ ಇಷ್ಟು ವರ್ಷ ಸಿಕ್ಕಿತಲ್ಲ. ಇನ್ನು ನಂಗೆ ಬೇಕು. ಎರಡು ದಿನ ಮೊದಲೇ ರಜೆ ಹಾಕಿ ಬಾ, ಹರಿವಾಣ ಅಟ್ಟದ ಮೇಲೆ ಉಂಟು, ಉಜ್ಜಬೇಕು."