ಮೊದಲು ಬೀಳುವುದನ್ನು ಕಲಿಯೋಣ

ಕಂಟೆಂಪರರಿ ಡ್ಯಾನ್ಸ್ ಕ್ಲಾಸಿಗೆ ಬರುವ ಹೊಸಬರದ್ದು ಒಂದೇ ಪ್ರಶ್ನೆ, "ಸ್ಟೆಪ್ಸ್ ಯಾವಾಗ?" ನಾನು ಸುಮ್ನೆ ನೆಲದ ಮೇಲೆ ಮಲಗಿಸಿಬಿಡುತ್ತೇನೆ. ಮೊದಲು ಉಸಿರು, ಆಮೇಲೆ ಬೀಳುವ ಪಾಠ.

ಮಂಡಿ ಸಡಿಲ ಬಿಟ್ಟು, ಸೊಂಟ ಇಳಿಸಿ, ತೊಡೆಯ ಹೊರಮೈ ಮೇಲೆ ಜಾರಿ, ಬೆನ್ನಿನ ಮೇಲೆ ಉರುಳಬೇಕು. ಮಂಡಿಚಿಪ್ಪು, ಮೊಣಕೈ ಕುಟ್ಟಬಾರದು. ಹೆಚ್ಚಿನವರು ಬೀಳುವ ಮೊದಲೇ ಉಸಿರು ಬಿಗಿ ಹಿಡಿಯುತ್ತಾರೆ, ಅಲ್ಲೇ ಮೈ ಮರಗಟ್ಟುತ್ತದೆ. ಬೀಳುವುದು, ಮತ್ತೆ ಏಳುವುದು, ಈ ಎರಡರ ಮೇಲೇ ಅಮೆರಿಕದ ಡೋರಿಸ್ ಹಂಫ್ರಿ ತಮ್ಮ ನೃತ್ಯ ಪದ್ಧತಿಯನ್ನು ಕಟ್ಟಿದರು ಎಂದರೆ ಯಾರೂ ನಂಬುವುದಿಲ್ಲ!

ಭರತನಾಟ್ಯ ಕಲಿತು ಬಂದವರ ಬೆರಳು ತಾನಾಗಿಯೇ ಪತಾಕ ಮುದ್ರೆ ಹಿಡಿಯುತ್ತದೆ. ಹಿಡಿಯಲಿ ಬಿಡಿ. ನೃತ್ಯ ಸಂಯೋಜಕಿ ಚಂದ್ರಲೇಖಾ 1985ರ 'ಆಂಗಿಕ' ನೃತ್ಯದಲ್ಲಿ ಭರತನಾಟ್ಯದ ಜೊತೆ ಕೇರಳದ ಸಮರಕಲೆ ಕಳರಿಪಯಟ್ಟು, ಯೋಗ ಎಲ್ಲವನ್ನೂ ತಂದರಲ್ವಾ. ಹಳೆಯದನ್ನು ಮರೆತರೇ ಹೊಸದು ಬರುತ್ತದೆ ಎನ್ನುವುದು ನನಗೆ ಒಪ್ಪಿಗೆಯಿಲ್ಲ.

ನನಗೆ ಜಾಸ್ತಿ ಇಷ್ಟ ಬೆನ್ನಿನ ಆಟ. ಕೋಪ ತೋರಿಸಿ ಎಂದರೆ ಎಲ್ಲರೂ ಹುಬ್ಬು ಗಂಟಿಕ್ಕುತ್ತಾರೆ. ಗೋಡೆ ಕಡೆ ತಿರುಗಿ, ಬರೀ ಬೆನ್ನಲ್ಲಿ ತೋರಿಸಿ ಎಂದೆ. ಬ್ಯಾಂಕ್ ಕೆಲಸದ ಒಬ್ಬರು ಕೈಕಾಲು ಅಲ್ಲಾಡಿಸಲೇ ಇಲ್ಲ. ಭುಜ ಮಾತ್ರ ನಿಧಾನಕ್ಕೆ ಕಿವಿವರೆಗೆ ಏರಿತು, ಅಲ್ಲೇ ನಿಂತಿತು. ತಿಂಗಳ ಕೊನೆಯ ಕೌಂಟರ್ ಪೂರ್ತಿ ಕಾಣಿಸಿತು ನನಗೆ.

ಅಂದಹಾಗೆ, ನಮ್ಮ ಏರಿಯಾದಲ್ಲಿ ಮರದ ನೆಲದ ಹಾಲ್ ಬಾಡಿಗೆಗೆ ಇದ್ದರೆ ಹೇಳಿ. ಟೈಲ್ಸ್ ಮೇಲೆ ಉರುಳಿ ಉರುಳಿ ಎಲ್ಲರ ಬೆನ್ನೂ ನನಗೇ ಶಾಪ ಹಾಕುತ್ತಿದೆ.